ಎರಡು ಗೆರೆ, ಒಂದು ಪೈಪು

ನೀಲಿ ಗೆರೆ, ಕೆಂಪು ಗೆರೆ, ಮೀಟಿಂಗ್ ರೂಮಿನ ಪರದೆ ಮೇಲೆ ಎರಡೂ ಚೆಂದ ಕಾಣ್ತಿವೆ, ಊರಾಚೆ ಬಯಲಲ್ಲಿರೋ ನಮ್ಮ ಡೇಟಾ ಸೆಂಟರಿಂದ ಹೊರಟು ಊರೊಳಗಿನ ಎಕ್ಸ್‌ಚೇಂಜಿಗೆ, ಎಲ್ಲ ಕಂಪನಿಗಳ ಕೇಬಲ್ಲು ಬಂದು ಕೂಡೋ ಆ ಕಟ್ಟಡಕ್ಕೆ, ಒಂದು ಎಡಕ್ಕೆ ಬಾಗಿ, ಒಂದು ಬಲಕ್ಕೆ ಬಾಗಿ — ಏಸಿ ನೇರ ನನ್ನ ಕುತ್ತಿಗೆಗೇ ಬೀಸ್ತಿದೆ, ಬೀಸ್ಲಿ, ಎದ್ದು ಜಾಗ ಬದಲಾಯಿಸೋಕೂ ಮನಸ್ಸಿಲ್ಲ — ಊರಾಚೆ ಜಾಗ ಅಗ್ಗ, ಕರೆಂಟು ಅಗ್ಗ ಅಂತ ಅಲ್ಲಿ ಕಟ್ಟಿದ್ರು, ಆಮೇಲೆ ಗೊತ್ತಾಯ್ತು ಅಲ್ಲಿಂದ ಊರಿಗೆ ಕೇಬಲ್ ಎಳೆಯೋದು ಎಷ್ಟು ದುಬಾರಿ ಅಂತ, ಮನೆ ಕಟ್ಟಿ ಮೆಟ್ಟಿಲು ಮರೆತ ಹಾಗೆ. ಲೆಕ್ಕದ ಮೇಡಂ ಹೇಳ್ತಿದಾರೆ, ಅಣೆಕಟ್ಟಿನ ಮೇಲಿಂದ ಸುತ್ತಿ ಬರೋ ಇನ್ನೊಂದು ದಾರಿ ಯಾಕೆ, ಈ ಎರಡನ್ನೇ ಮುಂದುವರಿಸೋಣ, ಎರಡು ಕಂಪನಿ, ಎರಡು ಲೈನು, ಒಂದು ಹೋದ್ರೆ ಇನ್ನೊಂದು ಇದ್ದೇ ಇದೆಯಲ್ಲ. ಇದೆ, ಪರದೆ ಮೇಲೆ ಇದೆ. ನಾನು ಹೊಳೆ ಸೇತುವೆ ಕೆಳಗೆ ಹೋಗಿ ನೋಡಿದೀನಿ, ಚಪ್ಪಲಿ ಕೆಸರಲ್ಲಿ ಹೂತು, ಒಂದೇ ಕಬ್ಬಿಣದ ಪೈಪು, ಅದರೊಳಗೆ ನೀಲಿಯೂ ಕೆಂಪೂ ತಬ್ಬಿಕೊಂಡು ಮಲಗಿವೆ, ಹೊಳೆ ದಾಟೋಕೆ ಎರಡು ಕಂಪನಿಯವರೂ ಅದೇ ಪೈಪನ್ನ ಬಾಡಿಗೆಗೆ ಹಿಡಿದಿದಾರೆ, ಹೊಸದಾಗಿ ಕೊರೆಯೋ ತಾಪತ್ರಯ ಯಾರಿಗೆ ಬೇಕು.

ಹೋದ ವರ್ಷ ಸೇತುವೆ ದುರಸ್ತಿಗೆ ಬಂದ ಅಗೆಯೋ ಯಂತ್ರ ಆ ಪೈಪಿಗೇ ಹಲ್ಲು ಹಾಕ್ತು, ಎರಡೂ ಲೈನು ಒಟ್ಟಿಗೇ ಸತ್ತವು, ಆಂಬುಲೆನ್ಸ್ ನಂಬರಿಗೆ ಮಾಡೋ ಕರೆಗಳೆಲ್ಲ ನಮ್ಮ ಡೇಟಾ ಸೆಂಟರ್ ಮೂಲಕವೇ ಹೋಗಬೇಕು — ಆವತ್ತೇ ಅಡುಗೆಮನೆ ನೆಲದ ಮೇಲೆ ಕುಸಿದ ನಮ್ಮತ್ತೆ, ತಲೆ ನನ್ನ ತೊಡೆ ಮೇಲೆ, ಒಲೆ ಆರಿಸೇ ಅಂದ್ರು, ಅದೇ ಕೊನೆ ಮಾತು, ಒಲೆ ಆಗಲೇ ಆರಿಸಿದ್ದೆ, ಇವರು ಬಾಗಿಲಲ್ಲಿ ನಿಂತು ಫೋನ್ ಒತ್ತುತ್ತಾರೆ, ಕಿವಿಗಿಡುತ್ತಾರೆ, ಮತ್ತೆ ಒತ್ತುತ್ತಾರೆ, ಇವರ ಹೆಬ್ಬೆರಳು — ಪಕ್ಕದ ಮನೆಯವರ ಕಾರಲ್ಲಿ ಮಲಗಿಸೋ ಹೊತ್ತಿಗೆ ಎಲ್ಲ ಮುಗಿದಿತ್ತು. ನಾವೇನು ಅಷ್ಟೊಂದು ಅನ್ಯೋನ್ಯವಾಗಿದ್ದ ಅತ್ತೆ ಸೊಸೆ ಅಲ್ಲ, ನಾನು ತೊಳೆದಿಟ್ಟ ಪಾತ್ರೆನೇ ಮತ್ತೆ ತೊಳೀತಿದ್ರು ಮಹಾತಾಯಿ, ಆದ್ರೂ ಅಳು ಬರಬೇಕಿತ್ತು, ಬರಲಿಲ್ಲ, ಇವತ್ತಿಗೂ ಬಂದಿಲ್ಲ, ಹಲ್ಲು ಕೀಳೋ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆ ಥರ ಎದೆಯೆಲ್ಲ ಜೋಮು. ವರದಿಯಲ್ಲಿ ಎರಡೂ ಲೈನು ಒಂದೇ ದಿನ ಕೆಟ್ಟವು ಅಂತ ಬರೆದಿತ್ತು, ಅಷ್ಟೇ, ಅದಕ್ಕೇ ನಾನು ಹೋಗಿ ನೋಡಿದ್ದು. ಪೈಪಿನ ವಿಷಯ ಇವರಿಗೆ ಹೇಳಿಲ್ಲ, ಏನಂತ ಹೇಳಲಿ.

ಏನಮ್ಮಾ, ಕೇಬಲ್ ದಾರಿ ನೋಡಿಕೊಳ್ಳೋಳು ನೀನು, ನೀನೊಂದು ಸಹಿ ಹಾಕಿದ್ರೆ ಮುಗೀತು, ಅಂತಿದಾರೆ ಸಾಹೇಬ್ರು, ಒಳ್ಳೆಯವರು, ಅತ್ತೆ ತೀರಿಕೊಂಡಾಗ ಮನೆಗೆ ಬಂದು ಇವರ ಕೈ ಹಿಡಿದು ಕೂತಿದ್ರು, ಪಾಪ ಅವರಿಗೆ ಪೈಪಿನ ವಿಷಯ ಗೊತ್ತಿಲ್ಲ, ಗೊತ್ತಾದ್ರೆ ಎಷ್ಟೇ ಖರ್ಚಾಗಲಿ ಸುತ್ತಿನ ದಾರಿನೇ ಮಾಡಿಸ್ತಾರೆ, ಹೇಳಿಬಿಡೋಣ, ಹೇಳಿಬಿಟ್ಟೆ, ಸಾರ್, ಸೇತುವೆ ಹತ್ರ ಎರಡೂ ಲೈನು ಒಂದೇ ಪೈಪಲ್ಲಿವೆ. ಯಾರೂ ಬೆಚ್ಚಲಿಲ್ಲ. ಲೆಕ್ಕದ ಮೇಡಂ ನೀರು ಕುಡಿದ್ರು. ಸಾಹೇಬ್ರು ಮೆತ್ತಗೆ, ಮಗಳಿಗೆ ಹೇಳೋ ಥರ, ಗೊತ್ತಮ್ಮಾ, ಅದಕ್ಕೇ ಅಲ್ವಾ ಇಷ್ಟು ಅಗ್ಗ. ಗೊತ್ತಂತೆ, ಹಾಗಾದ್ರೆ ಆವತ್ತೂ ಗೊತ್ತಿತ್ತು, ಇವರ ಕೈ ಹಿಡಿದು ಕೂತಾಗಲೂ — ಕಾಗದ ನನ್ನ ಮುಂದೆ ಜಾರಿ ಬಂತು, ಪೆನ್ನು ಬಂತು, ಎಲ್ಲರೂ ಕಾಯ್ತಿದಾರೆ, ಅಡುಗೆಮನೆ ಬಾಗಿಲಲ್ಲಿ ಇವರು, ಇವರ ಹೆಬ್ಬೆರಳು, ಉಗುರು ಬೆಳ್ಳಗಾಗೋ ಹಾಗೆ ಒತ್ತುತ್ತಾ ಇದೆ, ಕಿವಿಗಿಟ್ಟು, ತೆಗೆದು, ಮತ್ತೆ ಹೆಬ್ಬೆರಳು, ಮತ್ತೆ ಹೆಬ್ಬೆರಳು, ಮತ್ತೆ