ಒದ್ದೆ ಮೇಜು

ಆ ದೊಡ್ಡ ಲಾಂಡ್ರಿಯಲ್ಲಿ ಎಲೆಕ್ಟ್ರಿಷಿಯನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಷ್ಟ್ರು ಎಂದೇ. ಬಲ್ಬು ಬದಲಿಸಲು ಬಂದರೂ ಪಾಠ ಮಾಡದೆ ಹೋಗುವ ಆಸಾಮಿಯಲ್ಲ. ಚಮಚದಲ್ಲಿ ಕರೆಂಟು ಹರಿಯುತ್ತದೆ, ಬಾಚಣಿಗೆಯಲ್ಲಿ ಇಲ್ಲ. ಪೆನ್ಸಿಲಿನ ಮರದಲ್ಲಿ ಇಲ್ಲ, ಒಳಗಿನ ಕಡ್ಡಿಯಲ್ಲಿ ಉಂಟು. ಲೋಹದೊಳಗೆ ಎಲೆಕ್ಟ್ರಾನುಗಳು ಮನೆಮಠ ಇಲ್ಲದೆ ಅಲೆಯುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತವೆ ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ.

ಇಸ್ತ್ರಿ ಮಾಡುವ ಅಕ್ಕ ಒಂದು ದಿನ ಅವನನ್ನು ಕರೆದಳು. "ಮೇಷ್ಟ್ರೇ, ಮಧ್ಯಾಹ್ನ ಆದ್ರೆ ಈ ಮೇಜು ಜುಂ ಅನ್ನತ್ತೆ. ಮೊಣಕೈ ತನಕ ಹಿಡ್ಕೊಳ್ಳತ್ತೆ."

ಮೇಷ್ಟ್ರು ಮರುದಿನ ಬೆಳಿಗ್ಗೆ ಬಂದ. ಟೆಸ್ಟರ್ ಇಟ್ಟ, ದೀಪ ಹತ್ತಲಿಲ್ಲ. ಅಂಗೈ ಊರಿದ, ಏನೂ ಇಲ್ಲ. "ಅಕ್ಕಾ, ಇದು ಮರ! ಮರ ಶಾಕ್ ಹೊಡೆಯೋದಾದ್ರೆ ಹಕ್ಕಿಗಳೆಲ್ಲಾ ಎಲ್ಲಿ ಕೂರ್ಬೇಕು?"

ಇಡೀ ಇಸ್ತ್ರಿಕೋಣೆ ಬಿದ್ದು ಬಿದ್ದು ನಕ್ಕಿತು. "ಬೆಳಿಗ್ಗೆ ಅಲ್ಲ ಮೇಷ್ಟ್ರೇ, ಮಧ್ಯಾಹ್ನ..." ಎಂದಳು ಅವಳು. ಯಾರಿಗೆ ಕೇಳಬೇಕು? ಅಂದಿನಿಂದ ಅವಳ ಹೆಸರು ಶಾಕಕ್ಕ. ಇನ್ನೊಂದು ಸಲ ನೆಪ ಹೇಳಿದರೆ ಕೆಲಸ ಬಿಟ್ಟು ಹೋಗಬಹುದು ಎಂದು ಸೂಪರ್‌ವೈಸರ್ ಎಲ್ಲರೆದುರೇ ಹೇಳಿದ.

ಮುಂದಿನ ವಾರ ಫ್ಯಾನು ಕೆಟ್ಟು ಮೇಷ್ಟ್ರು ಮಧ್ಯಾಹ್ನ ಬಂದ. ಬಿಳಿ ಹೊದಿಕೆಗಳು ನೆಲಕ್ಕೆ ತಾಗುತ್ತವೆಂದು ಆ ಕೋಣೆಯಲ್ಲಿ ಎಲ್ಲರೂ ಬರಿಗಾಲು. ಮೇಷ್ಟ್ರ ರಬ್ಬರ್ ಬೂಟಿಗೆ ಮಾತ್ರ ರಿಯಾಯಿತಿ ಇತ್ತು. ಅಂದು ಬೂಟಿಗೆ ಕೆಸರಾಗಿತ್ತು, ಕಳಚಿಟ್ಟ. ಒದ್ದೆ ನೆಲದ ಮೇಲೆ ನಿಂತು ಅಕ್ಕನ ಮೇಜಿಗೆ ಕೈ ಊರಿದ.

ಹೌಹಾರಿ ಹಿಂದಕ್ಕೆ ನೆಗೆದ.

"ಏನಾಯ್ತು ಮೇಷ್ಟ್ರೇ?" ಸೂಪರ್‌ವೈಸರ್ ಕೂಗಿದ.

"ಏನಿಲ್ಲ, ಕಾಲು ಜಾರ್ತು."

ಅಕ್ಕ ಒಮ್ಮೆ ತಲೆಯೆತ್ತಿ ನೋಡಿದಳು, ಅಷ್ಟೇ. ಮೇಷ್ಟ್ರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬಗ್ಗಿ ನೋಡಿದ. ಇಸ್ತ್ರಿಪೆಟ್ಟಿಗೆಯ ವೈರಿನ ಸಿಪ್ಪೆ ಹರಿದು ತಾಮ್ರ ಹಲಗೆಗೆ ಒತ್ತಿಕೊಂಡಿತ್ತು. ಬೆಳಗಿನಿಂದ ಬಟ್ಟೆಗೆ ಚಿಮುಕಿಸಿದ ಬೋರ್‌ವೆಲ್ಲಿನ ಉಪ್ಪುನೀರನ್ನು ಹಲಗೆ ಕುಡಿದಿತ್ತು. ನೀರಿನಲ್ಲಿ ಕರಗಿದ ಉಪ್ಪೇ ಕರೆಂಟನ್ನು ಹೊತ್ತು ತರುತ್ತದೆ. ಬೆಳಿಗ್ಗೆ ಒಣಗಿದ ಮರದಲ್ಲಿ ಅದಕ್ಕೆ ದಾರಿಯಿಲ್ಲ. ಇದನ್ನು ಊರಿಗೆಲ್ಲ ಹೇಳಿಕೊಟ್ಟವನು ತಾನೇ. ಅವಳ ಒಂದು ಮಾತು ಪೂರ್ತಿ ಕೇಳುವ ತಾಳ್ಮೆ ಮಾತ್ರ ಇರಲಿಲ್ಲ.

ಮೇನ್ ಆಫ್ ಮಾಡಿ ವೈರು ಬಿಚ್ಚಲು ಕೂತ. ಅಕ್ಕ ತಾನು ನಿಂತಿದ್ದ ರಬ್ಬರ್ ಹಾಳೆಯನ್ನು ಅವನ ಕಡೆ ಸರಿಸಿದಳು. ಪಾಪ, ತನ್ನ ಉಪಾಯ ತಾನೇ ಮಾಡಿಕೊಂಡಿದ್ದಳು.

"ಇದ್ರ ಮೇಲೆ ಕೂತ್ಕೊಳ್ಳಿ ಮೇಷ್ಟ್ರೇ. ನೆಲ ಒದ್ದೆ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಎದ್ದು ನಿಂತು ಗಟ್ಟಿಯಾಗಿ ಹೇಳಿದ: "ಕೇಳಿ ಎಲ್ಲಾರೂ! ಈ ಮೇಜು ಶಾಕ್ ಹೊಡೆಯೋದು ನಿಜ. ಈಗ ನಂಗೂ ಹೊಡೀತು. ಅಕ್ಕ ಹೇಳಿದ್ದೇ ಸರಿ."

ಮೂಲೆಯಿಂದ ಯಾರೋ, "ಹಾಗಾದ್ರೆ ಹಕ್ಕಿಗಳೆಲ್ಲಾ ಎಲ್ಲಿ ಕೂರ್ಬೇಕು ಮೇಷ್ಟ್ರೇ?" ಎಂದರು. ಕೋಣೆ ಮತ್ತೆ ಬಿದ್ದು ಬಿದ್ದು ನಕ್ಕಿತು.

"ತಮಾಷೆ ಅಲ್ಲ, ನಿಜವಾಗ್ಲೂ..." ಎಂದ ಮೇಷ್ಟ್ರು. ಯಾರಿಗೂ ಕೇಳಲಿಲ್ಲ.

ಅಕ್ಕ ಮಾತ್ರ ನಗಲಿಲ್ಲ.