ಕೆತ್ಸಿಯಾ ಎಂದರೆ

ಹುಟ್ಟಿದ ಹೆಣ್ಣುಮಗುವಿಗೆ ಕೆತ್ಸಿಯಾ ಎಂದು ಹೆಸರಿಡುತ್ತೇವೆ ಎಂದು ಮಗಳು ಅನಘಾ ಆಸ್ಟಿನ್‌ನಿಂದ ಫೋನ್ ಮಾಡಿ ಹೇಳಿದಾಗ, ಅದರ ಅರ್ಥವೇನು ಎಂದು ಕೇಳಿದೆ. ಅಳಿಯ ಈಥನ್ ಯಹೂದಿ, ಹೆಸರು ಹೀಬ್ರೂವಿನದು ಎಂಬುದಷ್ಟೇ ನನಗೆ ಹೊಳೆದದ್ದು.

"ಚಕ್ಕೆ, ಅಮ್ಮ. ಪಲಾವ್‌ಗೆ ಹಾಕ್ತೀಯಲ್ಲ, ಅದೇ ಮರದ ತೊಗಟೆ."

"ಚಕ್ಕೆನಾ?"

"ಹೋದ ವರ್ಷ ತೀರ್ಕೊಂಡ್ರಲ್ಲ ಈಥನ್ ಅಜ್ಜಿ, ಅವರ ಹೆಸರು. ಅದಕ್ಕೊಂದು ಕಥೆ ಇದೆ, ಕೇಳು."

ನಾನು ಕೇಳಲಿಲ್ಲ. ಕುಕ್ಕರ್ ಕೂಗುತ್ತಿದೆ ಎಂದು ಫೋನ್ ಇಟ್ಟೆ. ಕುಕ್ಕರನ್ನು ಒಲೆಯ ಮೇಲೆ ಇಟ್ಟೇ ಇರಲಿಲ್ಲ.

ಆ ವಾರ ಪ್ರಾಸ್ಪರ್‌ನ ನಮ್ಮ ಮನೆಗೆ, ಮುಕ್ಕಾಲು ಗಂಟೆ ದಾರಿಯ ಯೂಲೆಸ್‌ನಿಂದ ಗುರವ್ವ ಬಂದಳು. ಹುಬ್ಬಳ್ಳಿಯವಳು, ನನ್ನ ಹದಿನೈದು ವರ್ಷಗಳ ಗೆಳತಿ. ಮೊಮ್ಮಗಳ ಹೆಸರು ಹೇಳಿದೆ. "ಹೆಸರಿಂದು ಅರ್ಥ ಏನ್ರಿ?" ಎಂದಳು. ನನ್ನ ಬಾಯಿಂದ "ಕಮಲ" ಎಂದು ಬಂತು.

"ಅಂದ್ರ ಸರೋಜಾ. ನಿಮ್ಮ ಹೆಸರೇ ಇಟ್ಟಾರಲ್ರಿ."

ನಾನು ಇಲ್ಲವೆನ್ನಲಿಲ್ಲ. ಎರಡು ದಿನಗಳಲ್ಲಿ ಪ್ರಾಸ್ಪರ್‌ನ ನಮ್ಮ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿತ್ತು. ಬೀಗರು ಎಂಥ ದೊಡ್ಡ ಮನಸ್ಸಿನವರು ಎಂದು ಒಬ್ಬೊಬ್ಬರೇ ಫೋನ್ ಮಾಡಿದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆ ಫೋನುಗಳಿಗಾಗಿ ನಾನು ಕಾಯುತ್ತಿದ್ದೆ.

ನಾಮಕರಣ ನಮ್ಮ ಮನೆಯಲ್ಲೇ ಆಯಿತು. ಈಥನ್ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆದ. ಹ್ಯೂಸ್ಟನ್‌ನಿಂದ ಬಂದಿದ್ದ ಅವನ ತಾಯಿ ಡೆಬ್ರಾ ಕಣ್ಣೊರೆಸಿಕೊಂಡರು. ಗುರವ್ವ ಅವರ ಎರಡೂ ಕೈ ಹಿಡಿದು ತನ್ನ ಇಂಗ್ಲಿಷಿನಲ್ಲಿ ಹೊಗಳಿದಳು. ಮಗುವಿಗೆ ಸರೋಜಾಳ ಹೆಸರು, ಕಮಲದ ಹೆಸರು ಇಟ್ಟಿರಲ್ಲ, ಯಾವ ಬೀಗರು ಹಾಗೆ ಮಾಡುತ್ತಾರೆ?

ಡೆಬ್ರಾ ಕೈ ಬಿಡಿಸಿಕೊಂಡರು. ಅವರ ಮನೆತನದಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲವಂತೆ, ಅದು ಅಪಶಕುನವಂತೆ. "ಇದು ನನ್ನ ತಾಯಿಯ ಹೆಸರು" ಎಂದರು.

"ಕಮಲ ಅಂತ ಯಾರು ಹೇಳಿದ್ದು, ಆಂಟಿ?" ಅನಘಾ ಕೇಳಿದಳು.

ಗುರವ್ವ ನನ್ನನ್ನು ನೋಡಿದಳು.

"ಅವಳಿಗೆ ಯಾರೋ ತಪ್ಪು ಹೇಳಿರಬೇಕು" ಎಂದೆ.

"ಇರಬಹುದ್ರಿ" ಎಂದು ಗುರವ್ವ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಅವಳು ಕೋಸಂಬರಿಯನ್ನು ಬಟ್ಟಲುಗಳಿಗೆ ಹಾಕುತ್ತಿದ್ದಳು.

"ತಪ್ಪಾಯ್ತು ಗುರವ್ವ."

"ನನಗ್ಯಾಕ ಹೇಳ್ತೀರಿ? ನನ್ನ ಹುಚ್ಚಿ ಮಾಡಿದ್ದು ಹೊರಗ. ಅಲ್ಲೇ ಹೋಗಿ ಹೇಳ್ರಿ."

ಹೋದೆ. ಎಲ್ಲರೂ ಕುಳಿತಿದ್ದರು. "ಕಮಲ ಅಂತ ಹೇಳಿದ್ದು ನಾನೇ. ಅದರ ಅರ್ಥ ಚಕ್ಕೆ. ಹೇಳೋಕೆ ನಂಗೆ ಅವಮಾನ ಅನ್ನಿಸ್ತು" ಎಂದೆ. ಡೆಬ್ರಾಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು.

"ಮುಂದಿನದಕ್ಕೆ ಲವಂಗ ಅಂತಿಡಿ" ಎಂದರು ಗೆಳತಿಯರಲ್ಲಿ ಹಿರಿಯರಾದ ಸುಶೀಲಮ್ಮ. ಕೆಲವರು ನಕ್ಕರು. ಅನಘಾ ನಗಲಿಲ್ಲ.

ನಾನು ಫೋನಿನಲ್ಲಿ ಕೇಳದೆ ಬಿಟ್ಟ ಕಥೆಯನ್ನು ಡೆಬ್ರಾ ಮೆಲ್ಲಗೆ ಹೇಳಿದರು. ಅವರ ಧರ್ಮಗ್ರಂಥದಲ್ಲಿ ಒಬ್ಬನಿಗೆ ಒಂದೇ ದಿನ ಮಕ್ಕಳೆಲ್ಲ ಸಾಯುತ್ತಾರೆ. ಬಹಳ ಕಾಲದ ಮೇಲೆ ಮತ್ತೆ ಮಕ್ಕಳಾಗುತ್ತವೆ. ಆಗ ಹುಟ್ಟಿದ ಗಂಡುಮಕ್ಕಳ ಹೆಸರನ್ನು ಬರೆದಿಲ್ಲ, ಮೂವರು ಹೆಣ್ಣುಮಕ್ಕಳದು ಮಾತ್ರ ಇದೆ. ಅವರಲ್ಲಿ ಒಬ್ಬಳು ಕೆತ್ಸಿಯಾ. ಡೆಬ್ರಾ ಅವರ ಅಜ್ಜಿಗೂ ಒಂದೇ ವಾರದಲ್ಲಿ ಇಬ್ಬರು ಮಕ್ಕಳು ಜ್ವರದಿಂದ ಹೋಗಿದ್ದರು. ಆಮೇಲೆ ಹುಟ್ಟಿದವಳಿಗೆ, ಅಂದರೆ ಡೆಬ್ರಾ ಅವರ ತಾಯಿಗೆ, ಈ ಹೆಸರಿಟ್ಟರು.

"ಅದಕ್ಕೇ ನಾನೇ ಆರಿಸಿದೆ" ಎಂದಳು ಅನಘಾ. ಎಲ್ಲರಿಗೂ ತಿಳಿಯಲೆಂದು ತಡವರಿಸುತ್ತ ಕನ್ನಡದಲ್ಲಿ ಹೇಳಿದಳು. "ನಂದೂ ಒಂದು ಹೋಯ್ತಲ್ಲ. ಐದನೇ ತಿಂಗಳಲ್ಲಿ."

ಸುಶೀಲಮ್ಮ ನನ್ನತ್ತ ತಿರುಗಿದರು. "ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಸೇರಿಸಿದ್ರಲ್ಲ, ಅದಾ? ಅಪೆಂಡಿಕ್ಸ್ ಅಂದಿದ್ರಿ, ಸರೋಜಾ."

ಗುರವ್ವ ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು ಅನಘಾಳ ಪಕ್ಕ ಕುಳಿತಳು. ಬೆನ್ನು ಸವರಿದಳು. ಅನಘಾ ಅವಳ ಹೆಗಲಿಗೆ ಒರಗಿ ಅತ್ತಳು.

ಆ ಆಸ್ಪತ್ರೆಯಲ್ಲಿ ಎರಡು ದಿನ ಅವಳ ಹತ್ತಿರ ಇದ್ದವಳು ನಾನು. ಯಾರಾದರೂ ಕೇಳಿದರೆ ಅಪೆಂಡಿಕ್ಸ್ ಅಂತ ಹೇಳು ಎಂದು ಹೇಳಿಕೊಟ್ಟವಳೂ ನಾನೇ. ಅವಳು ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡು ನಾನು ದೀಪ ಆರಿಸಿದ್ದೆ.