ಐದು ಬೆರಳಿನ ಗುರುತು

ಅಚ್ಚುಮನೆಯಲ್ಲಿ ಹನ್ನೊಂದು ವರ್ಷ ದುಡಿದವಳ ಕೈ ಹೇಗಿರಬೇಕೋ ಅವಳ ಕೈ ಹಾಗೇ ಇತ್ತು. ಉಗುರಿನ ಸಂದಿಯಲ್ಲಿ ಕಪ್ಪು ಶಾಯಿ, ಬೆರಳ ಗೆರೆಗಳಲ್ಲಿ ನೀಲಿ. ಬೀದಿಯವರ ಬಾಯಲ್ಲಿ ಅವಳು ಪ್ರೆಸ್ಸಕ್ಕ. ಸಂಜೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಸೋಪಿನಲ್ಲಿ ತೊಳೆದು ಮನೆಗೆ ಬಂದರೂ ಐದು ವರ್ಷದ ಮಗಳು ಮೂಗು ಹಿಡಿದುಕೊಂಡು, "ಅಮ್ಮಾ, ನೀನು ಸ್ಟವ್ ವಾಸನೆ ಬರ್ತೀಯ" ಎಂದು ದೂರ ಓಡುತ್ತಿದ್ದಳು. ಗಾತ್ರ ಇಷ್ಟೇ ಇಷ್ಟು, ಖಾರ ಮಾತ್ರ ಬಹಳ. ಅದಕ್ಕೇ ಅವಳಿಗೆ ಮನೆಯಲ್ಲಿ ಮೆಣಸು ಎಂದು ಹೆಸರು ಬಿದ್ದಿತ್ತು.

ಹೆಸರಿಟ್ಟವನು ಮೈದುನ. ಪ್ರೆಸ್ಸಕ್ಕ ಮದುವೆಯಾಗಿ ಬಂದಾಗ ಅವನಿಗೆ ಹದಿಮೂರು. ಅವಳ ಕೈಯ ಅನ್ನ ಉಂಡೇ ಬೆಳೆದವನು. ಈಗ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಗಂಡ ಲಾರಿ ಡ್ರೈವರ್, ಹೋದರೆ ಇಪ್ಪತ್ತು ದಿನ ಮನೆಯ ಕಡೆ ತಲೆ ಹಾಕುವಂತಿಲ್ಲ. ಹಾಗಾಗಿ ಮಗುವನ್ನು ಶಾಲೆಯಿಂದ ಕರೆತರುವುದು, ಅಮ್ಮ ಬರುವ ತನಕ ಆಡಿಸುವುದು ಎಲ್ಲ ಅವನದೇ.

ಅಚ್ಚುಮನೆಯಲ್ಲಿ ಪುಸ್ತಕ ಹೊಲಿಯುವ ಬೈಂಡಿಂಗಿನಕ್ಕ ಒಂದು ಮಧ್ಯಾಹ್ನ ಅವಳ ಕೈ ಹಿಡಿದು ನೋಡಿ ಲೊಚಗುಟ್ಟಿದಳು.

"ಸೀಮೆಎಣ್ಣೆ ಹಾಕಿ ಹಾಕಿ ಕೈಯನ್ನ ಬಿರುಕು ಬಿಟ್ಟ ಗೋಡೆ ಮಾಡ್ಕೊಂಡಿದೀಯಲ್ಲೇ! ಮೂರು ನಿಂಬೆಹಣ್ಣು ಹಿಂಡು, ಸಕ್ಕರೆ ಹಾಕು, ಎರಡು ಚಮಚ ಎಣ್ಣೆ ಬಿಡು. ಬಿಸಿಲಲ್ಲಿ ಕೂತು ಚೆನ್ನಾಗಿ ಉಜ್ಜು. ಎಲ್ಲಾ ಅಡುಗೆಮನೆ ಸಾಮಾನು. ಹೊಟ್ಟೆಗೆ ಹೋದ್ರೇ ಏನೂ ಆಗಲ್ಲ, ಇನ್ನು ಚರ್ಮಕ್ಕೆ ಏನಾಗುತ್ತೆ?"

ಆ ಭಾನುವಾರ ಬೆಳಿಗ್ಗೆ ಪ್ರೆಸ್ಸಕ್ಕ ಸ್ಟೀಲ್ ಬಟ್ಟಲು ಹಿಡಿದು ಮಹಡಿಯ ಮೇಲೆ ಹೋದಳು. ಬೇಸಿಗೆಯ ಬಿಸಿಲು ಹತ್ತು ಗಂಟೆಗೇ ಸುರಿಯುತ್ತಿತ್ತು. ಉಜ್ಜಿದ ಹಾಗೆಲ್ಲ ಸಕ್ಕರೆ ಕರಗಿ, ಶಾಯಿ ಬಿಟ್ಟುಕೊಂಡು, ರಸ ಬೂದಿ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಮೆಣಸು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಮೋಟು ಗೋಡೆಯ ಮೇಲೆ ಕಾಲಿಟ್ಟಿದ್ದು ಕಂಡಿತು. ಪ್ರೆಸ್ಸಕ್ಕ ಎದ್ದುಬಿದ್ದು ಓಡಿ, ರಟ್ಟೆಗಳನ್ನು ಬಿಗಿಯಾಗಿ ಹಿಡಿದು ಕೆಳಗಿಳಿಸಿ ಗದರಿಸಿದಳು. ತೋಳಿಲ್ಲದ ಫ್ರಾಕು ತೊಟ್ಟ ಮಗು ಏನೂ ಆಗದವಳಂತೆ ಹೋಗಿ, ಮಧ್ಯಾಹ್ನದ ತನಕ ಅದೇ ಬಿಸಿಲಲ್ಲಿ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಆಡಿತು. ಪ್ರೆಸ್ಸಕ್ಕ ನಲ್ಲಿಯ ಕೆಳಗೆ ಕೈ ತೊಳೆದು ನೋಡಿಕೊಂಡಳು. ಅಂಗೈ ಹೂವಿನ ಹಾಗಾಗಿತ್ತು.

ಸೋಮವಾರ ಮಗು ತೋಳು ಉರಿಯುತ್ತದೆ ಎಂದಿತು. ಸೆಕೆಗೆ ಬೆವರುಸಾಲೆ ಇರಬೇಕು ಎಂದುಕೊಂಡು ಪೌಡರು ಹಾಕಿದಳು. ಮಂಗಳವಾರ ಕೆಂಪಾಯಿತು. ಬುಧವಾರ ಮಧ್ಯಾಹ್ನ ಅಚ್ಚುಮನೆಯ ಫೋನಿಗೆ ಶಾಲೆಯಿಂದ ಕರೆ ಬಂತು: ತಕ್ಷಣ ಬನ್ನಿ.

ಟೀಚರ್ ಖಾಲಿ ಕೋಣೆಯೊಂದಕ್ಕೆ ಕರೆದೊಯ್ದು ಬಾಗಿಲು ಹಾಕಿದರು. ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ ಯೂನಿಫಾರ್ಮಿನ ತೋಳು ಮೇಲೆತ್ತಿದರು. ಎರಡೂ ರಟ್ಟೆಗಳ ಹಿಂದೆ ನಾಲ್ಕು ನಾಲ್ಕು ಕಂದು ಪಟ್ಟೆ, ಮುಂದೆ ಒಂದೊಂದು. ಯಾರೋ ಹಿಡಿದು ಹಿಂಡಿದ ಹಾಗೆ. ಬೆರಳುಗಳೇ, ಬೇರೆ ಏನೂ ಅಲ್ಲ.

"ಮನೇಲಿ ಯಾರ್ಯಾರು ಇರ್ತೀರಿ?"

"ನಾನು, ಇವಳು, ನನ್ನ ಮೈದುನ. ನಮ್ಮನೆಯವರು ಲಾರಿ ಮೇಲೆ ಹೋಗಿ ಹತ್ತು ದಿನ ಆಯ್ತು."

ಟೀಚರ್ ಮಗುವಿನ ತೋಳನ್ನು ಮತ್ತೆ ಮುಚ್ಚಿದರು. "ಯಾರು ಹೊಡೆದ್ರು ಅಂತ ಕೇಳ್ದೆ. ಯಾರೂ ಇಲ್ಲ ಅಂತಾಳೆ. ಹೆದರಿದ ಮಕ್ಕಳು ಹಾಗೇ ಹೇಳೋದು. ಇನ್ನೊಂದು ಸಲ ಇಂಥದ್ದು ಕಂಡ್ರೆ ನಾನು ಮಕ್ಕಳ ರಕ್ಷಣೆಯವರಿಗೆ ತಿಳಿಸ್ಲೇಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ."

ದಾರಿಯುದ್ದಕ್ಕೂ ಪ್ರೆಸ್ಸಕ್ಕ ಮಗಳನ್ನು ಪುಸಲಾಯಿಸಿದಳು. "ಯಾರು ಕಂದಾ? ನಾನು ಬಯ್ಯಲ್ಲ, ಹೇಳು."

"ಯಾರೂ ಇಲ್ಲಮ್ಮ."

"ಚಿಕ್ಕಪ್ಪ ಗಟ್ಟಿಯಾಗಿ ಹಿಡ್ಕೊಂಡ್ರಾ?"

"ಹೂಂ," ಎಂದಿತು ಮಗು. "ಸೈಕಲ್ಲಿಂದ ಇಳಿಸುವಾಗ."

ಆ ಒಂದು ಹೂಂ ಸಾಕಾಯಿತು. ಹದಿನೈದು ವರ್ಷ ಕಂಡವನು ಆ ಸಂಜೆ ಅವಳಿಗೆ ಬೇರೆಯೇ ಆಗಿ ಕಂಡ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಬೇರೆ, ಮಗುವನ್ನು ಕರೆಯುವ ದನಿ ಬೇರೆ. ಅವನು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಾಗ ಅವಳು ಹಿಂದೆ ನಿಂತು ಆ ಕೈಗಳನ್ನೇ ನೋಡಿದಳು. ಸ್ಪ್ಯಾನರ್ ತಿರುಗಿಸಿ ಬಲಿತ ಬೆರಳುಗಳು, ಗ್ರೀಸ್ ಮೆತ್ತಿದ ಗೆಣ್ಣುಗಳು.

"ಮಗೂನ ಏನು ಮಾಡ್ದೆ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಮಗಳ ತೋಳು ಎತ್ತಿ ತೋರಿಸಿದಳು. ಅವನು ಬಗ್ಗಿ ನೋಡಿ, "ಅಯ್ಯೋ, ಯಾರು ಅತ್ತಿಗೆ ಇದು?" ಎಂದು ಮುಟ್ಟಲು ಕೈ ಚಾಚಿದ. ಅವಳು ಮಗುವನ್ನು ಹಿಂದಕ್ಕೆ ಸೆಳೆದುಕೊಂಡಳು.

"ಮುಟ್ಟಬೇಡ."

ಚಾಚಿದ ಕೈ ಅಲ್ಲೇ ನಿಂತಿತು. ಅವನು ಅದನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, ನಿಧಾನವಾಗಿ ಕೆಳಗಿಳಿಸಿದ. ಕೂಗಾಡಿದ್ದರೆ, ಆಣೆ ಹಾಕಿದ್ದರೆ ಅವಳಿಗೂ ಹಗುರವಾಗುತ್ತಿತ್ತೇನೋ. ಅವನು ಬ್ಯಾಗಿಗೆ ನಾಲ್ಕು ಬಟ್ಟೆ ತುರುಕಿಕೊಂಡ.

"ಅಣ್ಣಂಗೆ ನೀವೇ ಹೇಳಿಬಿಡಿ ಅತ್ತಿಗೆ. ನನ್ನ ಬಾಯಲ್ಲಿ ಬರಲ್ಲ."

ಮೆಣಸು ಕಿಟಕಿಯ ಸರಳು ಹಿಡಿದು ಚಿಕ್ಕಪ್ಪಾ ಎಂದು ಕೂಗುತ್ತಲೇ ಇದ್ದಳು. ಪ್ರೆಸ್ಸಕ್ಕ ಕಿಟಕಿ ಮುಚ್ಚಿದಳು.

ಮರುದಿನದಿಂದ ಅವಳು ಮಗುವನ್ನು ಕಣ್ಣರೆಪ್ಪೆಯಂತೆ ಕಾದಳು. ಕೆಲಸಕ್ಕೆ ರಜೆ ಹಾಕಿ ತಾನೇ ಬಿಟ್ಟು ತಾನೇ ಕರೆತಂದಳು. ನೆರೆಯವರ ಮನೆಗೂ ಕಳಿಸಲಿಲ್ಲ. ಶನಿವಾರ ಮಧ್ಯಾಹ್ನ ಮನೆಗೆ ಬಂದ ಮೇಲೆ ಹೊರಬಾಗಿಲಿಗೆ ಹಾಕಿದ ಚಿಲಕ ಸೋಮವಾರ ಬೆಳಿಗ್ಗೆಯೇ ತೆಗೆದದ್ದು. ಭಾನುವಾರ ಮನಸ್ಸಿಗೆ ಸಮಾಧಾನವಿಲ್ಲದೆ, ಏನಾದರೂ ಮಾಡುತ್ತಿರಬೇಕೆಂದು, ಬಟ್ಟಲು ಹಿಡಿದು ಮತ್ತೆ ಮಹಡಿ ಹತ್ತಿದಳು. ಒಳಗಿನ ಮೆಟ್ಟಿಲು, ಯಾರೂ ಬರುವಂತಿಲ್ಲ. ಮಗಳನ್ನು ಪಕ್ಕದಲ್ಲೇ ಬಿಸಿಲಿಗೆ ಕೂರಿಸಿಕೊಂಡಳು. ಕೈ ಉಜ್ಜುವ ನಡುವೆ ಮಗಳ ಜಡೆ ಬಿಚ್ಚಿಹೋಗಿದ್ದು ಕಂಡು, ಕತ್ತು ಬಗ್ಗಿಸಿ ಹಿಡಿದು ಹೆಣೆದಳು.

ಮಂಗಳವಾರ ಸ್ನಾನ ಮಾಡಿಸುವಾಗ ಕೂದಲು ಮೇಲಕ್ಕೆತ್ತಿದಳು. ಕತ್ತಿನ ಹಿಂದೆ ನಾಲ್ಕು ಬೆರಳು. ಕಿವಿಯ ಕೆಳಗೆ ಹೆಬ್ಬೆರಳು.

ಮೂರು ದಿನದಲ್ಲಿ ಆ ಕತ್ತಿನ ಹತ್ತಿರಕ್ಕೆ ತನ್ನನ್ನು ಬಿಟ್ಟು ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಶಾಲೆಯಲ್ಲಿ ಯಾರಾದರೂ? ಶಾಲೆಯಲ್ಲಿ ಟೀಚರ್ ಕಣ್ಣು ಇವಳ ಮೇಲೇ ಇತ್ತು. ಬಚ್ಚಲಿನ ಮಂಕು ಬೆಳಕಿನಲ್ಲಿ ಅವಳು ತನ್ನ ಬಲಗೈಯನ್ನು ಆ ಗುರುತಿನ ಮೇಲಿಟ್ಟಳು. ಬೆರಳಿಗೆ ಬೆರಳು ಕೂತಿತು. ಅಳತೆ ಕೊಟ್ಟು ಮಾಡಿಸಿದ ಹಾಗೆ.

"ಅಮ್ಮಾ, ಚಳಿ," ಎಂದಿತು ಮಗು.

ನಾನೇನಾ? ಯಾವಾಗ? ನಿದ್ದೆಯಲ್ಲೇ? ದೊಡ್ಡಮ್ಮನೊಬ್ಬಳು ನಿದ್ದೆಯಲ್ಲಿ ಎದ್ದು ನಡೆಯುತ್ತಿದ್ದಳೆಂದು ಚಿಕ್ಕಂದಿನಲ್ಲಿ ಕೇಳಿದ್ದು ನೆನಪಾಯಿತು. ಆ ದಿನದಿಂದ ಅವಳು ಮಗಳನ್ನು ಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿ, ತಾನು ಅಡುಗೆಮನೆಯ ನೆಲದ ಮೇಲೆ ಬಿದ್ದುಕೊಂಡಳು. ಅನ್ನ ಕಲಸಿ ತಿನ್ನಿಸುವುದಕ್ಕೂ ಹೆದರಿ ಚಮಚ ಕೊಟ್ಟಳು. ಗಂಡ ಫೋನು ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದಳು. ಮಗುವನ್ನು ಶಾಲೆಗೆ ಕಳಿಸಲಿಲ್ಲ.

ಗುರುವಾರ ಮಧ್ಯಾಹ್ನ ಬಾಗಿಲು ಬಡಿದದ್ದು ಟೀಚರ್. ಒಳಗೆ ಬಂದವರೇ ಮಗುವನ್ನು ಹತ್ತಿರ ಕರೆದರು. ಈ ಸೆಕೆಯಲ್ಲೂ ಕತ್ತಿಗೆ ಸುತ್ತಿದ್ದ ಸ್ಕಾರ್ಫು ಬಿಚ್ಚಿದರು.

"ಚಪ್ಪಲಿ ಹಾಕ್ಕೊಳ್ಳಿ. ಡಾಕ್ಟರ್ ಹತ್ರ ಹೋಗೋಣ. ಈಗ್ಲೇ."

ಚರ್ಮದ ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಕನ್ನಡಕ ಏರಿಸಿ ಕತ್ತು ನೋಡಿದರು, ತೋಳು ನೋಡಿದರು, ಗುರುತಿನ ಮೇಲೆ ಬೆರಳಿಟ್ಟು ಒತ್ತಿದರು. ಪ್ರೆಸ್ಸಕ್ಕನಿಗೆ ತಡೆಯಲಾಗಲಿಲ್ಲ.

"ನಾನೇ ಇರ್ಬೇಕು ಡಾಕ್ಟ್ರೇ. ನನ್ನ ಕೈ ಸರಿಯಾಗಿ ಕೂರುತ್ತೆ ಅದ್ರ ಮೇಲೆ. ನನಗೆ ಗೊತ್ತಿಲ್ದೇ ಮಾಡ್ತಿದೀನಿ. ಮಗೂನ ನನ್ನಿಂದ ದೂರ ಇಡಿ."

ಟೀಚರ್ ಮಗುವನ್ನು ತಮ್ಮ ಕಡೆಗೆ ಎಳೆದುಕೊಂಡರು. ಡಾಕ್ಟರಮ್ಮ ಮಾತ್ರ ತಲೆ ಎತ್ತಲಿಲ್ಲ.

"ತೋಳಿನದು ಯಾವತ್ತು ಕಂಡಿದ್ದು?"

"ಹೋದ ವಾರ. ಮಂಗಳವಾರ, ಬುಧವಾರ. ಕತ್ತಿನದು ಈ ಮಂಗಳವಾರ."

"ಏಟು ಬಿದ್ದು ಕಂದಿದ್ರೆ ಇಷ್ಟೊತ್ತಿಗೆ ಹಸಿರು, ಹಳದಿ ತಿರುಗ್ಬೇಕಿತ್ತು. ಇದು ಒತ್ತಿದ್ರೆ ನೋಯ್ತಾನೂ ಇಲ್ಲ. ಇದು ಏಟಲ್ಲ, ಸುಟ್ಟಿರೋದು. ಕತ್ತಿನದೂ ಮಂಗಳವಾರಾನೇ? ಹಾಗಾದ್ರೆ ಅದಕ್ಕೆ ಎರಡು ದಿನ ಮುಂಚೆ, ಭಾನುವಾರ, ಏನ್ ಮಾಡ್ತೀರಿ?"

ಭಾನುವಾರ. ಪ್ರೆಸ್ಸಕ್ಕ ಯೋಚಿಸಿ ಯೋಚಿಸಿ ಹೇಳಿದಳು: ಒಗೆಯೋದು, ಒಣಗಿಸೋದು, ಕೈ ಉಜ್ಜಿಕೊಳ್ಳೋದು.

"ಯಾವುದರಲ್ಲಿ?"

"ನಿಂಬೆಹಣ್ಣು, ಸಕ್ಕರೆ. ಮನೇದೇ, ಏನೂ ಕೆಮಿಕಲ್ ಇಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಂಬೆರಸ ಮೈಮೇಲಿದ್ದಾಗ ಜೋರು ಬಿಸಿಲು ಬಿದ್ರೆ ಚರ್ಮ ಹೀಗೆ ಸುಡುತ್ತೆ. ಅವತ್ತೇ ಕಾಣಲ್ಲ, ಒಂದೆರಡು ದಿನ ಆದ್ಮೇಲೆ ಏಳುತ್ತೆ. ನಿಮ್ಮ ಅಂಗೈ ದಪ್ಪ, ನೀವು ತೊಳ್ಕೊಂಡ್ರಿ. ಆ ರಸದ ಕೈಯಲ್ಲೇ ಮಗೂನ ಹಿಡಿದಿದೀರಿ. ಮಗು ಹಾಗೇ ಬಿಸಿಲಲ್ಲಿ ಆಡಿದೆ. ಕೈ ನಿಮ್ಮದೇ, ಆದ್ರೆ ನೀವು ಹೊಡೆದಿಲ್ಲ."

ಟೀಚರ್ ದೊಡ್ಡ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಪ್ರೆಸ್ಸಕ್ಕನ ಕಣ್ಣಲ್ಲಿ ನೀರು ಬಂತು, ಆದರೆ ಸಂತೋಷಕ್ಕಲ್ಲ. ಬಚ್ಚಲ ಬಾಗಿಲಲ್ಲಿ ನಡುದಾರಿಯಲ್ಲಿ ನಿಂತುಹೋದ ಒಂದು ಕೈ ಅವಳ ಕಣ್ಣಿಗೆ ಕಟ್ಟಿತ್ತು.

ಆಸ್ಪತ್ರೆಯಿಂದ ನೇರ ಗ್ಯಾರೇಜಿಗೆ ಹೋದಳು. ಅವನು ಗಾಡಿಯ ಕೆಳಗಿನಿಂದ ಹೊರಗೆ ಬಂದು, ಎಲ್ಲವನ್ನೂ ಕೇಳಿಸಿಕೊಂಡು, ಮೊದಲು ಕೇಳಿದ್ದು, "ಮಗೂಗೆ ವಾಸಿ ಆಗುತ್ತಂತಾ?"

"ತಿಂಗಳುಗಟ್ಟಲೆ ಬೇಕಂತೆ, ಆದ್ರೆ ಹೋಗುತ್ತಂತೆ. ತಪ್ಪಾಯ್ತು ಕಣೋ. ಮನೆಗೆ ಬಾ."

ಅವನು ಹಳೆಯ ಬಟ್ಟೆಯೊಂದರಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡ.

"ನೀವು ಕೇಳಿದ್ದಕ್ಕೆ ಬೇಜಾರಿಲ್ಲ ಅತ್ತಿಗೆ. ಮಗು ತಾಯಿ, ಕೇಳ್ಲೇಬೇಕು. ಆದ್ರೆ ಅವತ್ತು ರಾತ್ರಿ ಇಲ್ಲಿ ಬೆಂಚಿನ ಮೇಲೆ ಮಲಗಿ ನಾನೂ ಯೋಚ್ನೆ ಮಾಡ್ದೆ. ಸೈಕಲ್ಲಿಂದ ಇಳಿಸುವಾಗ ನಿಜವಾಗ್ಲೂ ಜೋರಾಗಿ ಹಿಡಿದುಬಿಟ್ನಾ ಅಂತ. ಎಂಟು ದಿನ ನಾನೇ ಮಾಡಿದೀನಿ ಅಂತ ನಂಬ್ಕೊಂಡಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಂಡ ಬಂದು ಕರೆದರೂ ಮೈದುನ ಮರಳಿ ಬರಲಿಲ್ಲ. ಗ್ಯಾರೇಜಿನ ಹತ್ತಿರವೇ ಕೋಣೆ ಹಿಡಿದ. ಟೀಚರ್ ಡಾಕ್ಟರಮ್ಮನ ಚೀಟಿಯನ್ನು ಕಡತದಲ್ಲಿಟ್ಟರು, ಆದರೂ ಸೋಮವಾರ ಸೋಮವಾರ ಮಗುವಿನ ತೋಳು ಎತ್ತಿ ನೋಡುವುದನ್ನು ಬಿಡಲಿಲ್ಲ. ಗುರುತುಗಳು ಮಳೆಗಾಲದ ತನಕ ಇದ್ದು, ಮಾಸುತ್ತ ಮಾಸುತ್ತ ಒಂದು ದಿನ ಕಾಣದಾದವು.

ವಾರಕ್ಕೊಮ್ಮೆ ಮೈದುನ ಊಟಕ್ಕೆ ಬರುತ್ತಾನೆ. ಮೆಣಸು ಕೂಗಿಕೊಂಡು ಓಡಿಹೋಗಿ ಅವನ ಕಾಲು ತಬ್ಬಿಕೊಳ್ಳುತ್ತಾಳೆ. ಅವನು ನಗುತ್ತಾನೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಡುಗೆಮನೆಯ ಕಡೆಗೆ ನೋಡಿ ಕೇಳುತ್ತಾನೆ:

"ಎತ್ಕೊಳ್ಳಲಾ ಅತ್ತಿಗೆ?"